ಬೇಲೂರಿನಲ್ಲಿ ನಿಂತಿದ್ದ ಆ ‘ಕೆಎ’ ಗಾಡಿ ನಮ್ಮದಲ್ಲ

ಪ್ರಶ್ನೆ: ಸರ್, ನಾವು ಚಿಕ್ಕಮಗಳೂರಿನವರು. ಜನವರಿಯಲ್ಲಿ ಬೇಲೂರಿಗೆ ಹೋಗಿದ್ದಾಗ ದೇವಸ್ಥಾನದ ಹತ್ತಿರ ಮಿಲಿಟರಿ ಲಾರಿ ಥರದ ಒಂದು ದೊಡ್ಡ ಗಾಡಿ ನಿಂತಿತ್ತು. ಹಿಂದೆ ಮನೆಯ ಹಾಗೆ ಕಿಟಕಿ, ಬಾಗಿಲು. ನಂಬರ್ ಶುರುವಾಗುವುದು ‘ಕೆಎ’ ಎಂದು. ಆದರೆ ಪ್ಲೇಟ್ ನಮ್ಮದರ ಹಾಗೆ ಇರಲಿಲ್ಲ. ಎಡತುದಿಯಲ್ಲಿ ನೀಲಿ ಪಟ್ಟಿ, ಕೆಎ ಆದ ಮೇಲೆ ದುಂಡನೆಯ ಸ್ಟಿಕ್ಕರ್. ನಮ್ಮ ನಂಬರನ್ನು ಹಾಗೆಲ್ಲ ಬರೆಸಬಹುದಾ? ಅದೇ ವಾರ ಕೈಮರದ ಹತ್ತಿರ ಕೆಂಪು ಬೋರ್ಡಿನ ಕಾರೊಂದು ಕಂಡಿತು. ಓದುವಷ್ಟರಲ್ಲಿ ತಿರುವು ದಾಟಿ ಹೋಯಿತು. ನಮ್ಮ ಪಕ್ಕದ ಮನೆ ಹುಡುಗನೂ ತನ್ನ ಕಾರಿಗೆ ಆನ್‌ಲೈನಿನಲ್ಲಿ ತರಿಸಿದ ಯುರೋಪ್ ಪ್ಲೇಟ್ ಹಾಕಿಕೊಂಡಿದ್ದಾನೆ. ಹೈಸ್ಕೂಲಿನಲ್ಲಿರುವ ನನ್ನ ಮಗಳಿಗೆ ಇಂಥ ನಂಬರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಹುಚ್ಚು. ಯಾವುದು ನಿಜವಾಗಿ ಪರದೇಶದ್ದು ಎಂದು ಗುರುತಿಸುವುದು ಹೇಗೆ? ಅವು ಇಲ್ಲಿ ಓಡಲು ಕಾನೂನು ಒಪ್ಪುತ್ತದಾ? ಫೋಟೋ ತೆಗೆದು ಹಾಕಿದರೆ ತಪ್ಪಾ?

ಉತ್ತರ: ನೀವು ನೋಡಿದ್ದು ಕರ್ನಾಟಕದ ಕೆಎ ಅಲ್ಲ, ಜರ್ಮನಿಯ ಕೆಎ. ಅಲ್ಲಿನ ಕಾರ್ಲ್ಸ್‌ರೂಹೆ ಎಂಬ ಊರಿನ ಗುರುತು ಅದು. ಕಾರು ಕಂಡುಹಿಡಿದ ಕಾರ್ಲ್ ಬೆಂಜ್ 1844ರಲ್ಲಿ ಹುಟ್ಟಿದ್ದು ಈಗ ಆ ಊರಿಗೇ ಸೇರಿರುವ ಮ್ಯೂಲ್‌ಬುರ್ಗ್‌ನಲ್ಲಿ. ಹಾಗಾಗಿ ಆ ಕೆಎಗೂ ಸ್ವಲ್ಪ ಗತ್ತು ಇದೆ ಅನ್ನಿ. ಜರ್ಮನಿಯಲ್ಲಿ ನಮ್ಮ ಹಾಗೆ ರಾಜ್ಯದ ಹೆಸರು ಹಾಕುವುದಿಲ್ಲ, ಊರು ಅಥವಾ ಜಿಲ್ಲೆಯ ಅಕ್ಷರ ಹಾಕುತ್ತಾರೆ. ಅದರಿಂದ ಇಂಥ ತಮಾಷೆಗಳು ಬೇಕಾದಷ್ಟು ಆಗುತ್ತವೆ. ಮಹಾರಾಷ್ಟ್ರದ ಎಂಎಚ್ ಅಲ್ಲಿ ಮ್ಯೂಲ್‌ಹೈಮ್. ಪಂಜಾಬಿನ ಪಿಬಿ ಅಲ್ಲಿ ಪಾಡರ್‌ಬಾರ್ನ್. ದಮನ್ ಮತ್ತು ದಿಯುವಿನ ಡಿಡಿ ಅಲ್ಲಿ ಡ್ರೆಸ್ಡೆನ್.

ಅಕ್ಷರ ಮಾತ್ರ ನೋಡಿದರೆ ಯಾರಿಗಾದರೂ ಗೊಂದಲ ಆಗುತ್ತದೆ. ಪರದೇಶದ ಪ್ಲೇಟನ್ನು ಗುರುತಿಸುವವರು ನಂಬರನ್ನು ಕೊನೆಗೆ ಓದುತ್ತಾರೆ. ಮೊದಲು ನೋಡುವುದು ಪ್ಲೇಟಿನ ಬಣ್ಣ, ಆಕಾರ, ಅಂಚು. ಆಮೇಲೆ ಗಾಡಿಯ ಸ್ಟೇರಿಂಗ್ ಯಾವ ಕಡೆ ಇದೆ ಎಂದು. ಇಷ್ಟರಲ್ಲಿ ಮುಕ್ಕಾಲು ಪಾಲು ಉತ್ತರ ಸಿಕ್ಕಿರುತ್ತದೆ. ನಿಮ್ಮ ಮಗಳಿಗೆ ಈ ಅಭ್ಯಾಸ ಹಿಡಿಸಿ.

ಆ ಬೇಲೂರಿನ ಪ್ಲೇಟನ್ನೇ ಸ್ವಲ್ಪ ಹತ್ತಿರ ಹೋಗಿ ನೋಡೋಣ. ಎಡತುದಿಯ ನೀಲಿ ಪಟ್ಟಿಯಲ್ಲಿ ಮೇಲೆ 12 ಹಳದಿ ನಕ್ಷತ್ರಗಳ ಉಂಗುರ, ಕೆಳಗೆ ಬಿಳಿ ‘ಡಿ’ ಇದ್ದಿರಬೇಕು. ನಕ್ಷತ್ರ ಐರೋಪ್ಯ ಒಕ್ಕೂಟದ್ದು. ಡಿ ಎಂದರೆ ಡಾಯ್ಚ್‌ಲಾಂಡ್, ಅಂದರೆ ಜರ್ಮನಿ. ಆಮೇಲೆ ಕೆಎ. ಅದರ ಪಕ್ಕದ ದುಂಡನೆಯ ಸ್ಟಿಕ್ಕರ್‌ನಲ್ಲಿ ಆ ಊರು ಇರುವ ರಾಜ್ಯದ ಲಾಂಛನ ಇರುತ್ತದೆ. ಅದು ನೋಂದಣಿ ಕಚೇರಿಯ ಮುದ್ರೆ. ಹಿಂದಿನ ಪ್ಲೇಟಿನಲ್ಲಿ ಅದರ ಮೇಲೆ ಇನ್ನೊಂದು ಬಣ್ಣದ ಸ್ಟಿಕ್ಕರ್ ಇರುತ್ತದೆ. ಗಾಡಿಯ ತಪಾಸಣೆಯ ಅವಧಿ ಯಾವಾಗ ಮುಗಿಯುತ್ತದೆ ಎಂದು ಹೇಳುವುದು ಅದೇ. ನಡುವೆ ಬರೆದದ್ದು ವರ್ಷ. ತಿಂಗಳು ಗೊತ್ತಾಗಬೇಕಾದರೆ ನೆತ್ತಿಯ ಮೇಲೆ ಯಾವ ಅಂಕಿ ಬಂದಿದೆ ನೋಡಬೇಕು, ಯಾಕೆಂದರೆ ಸ್ಟಿಕ್ಕರನ್ನೇ ತಿರುಗಿಸಿ ಅಂಟಿಸಿರುತ್ತಾರೆ. ವರ್ಷಕ್ಕೊಂದು ಬಣ್ಣ ಬದಲಾಗುವುದರಿಂದ ಅಲ್ಲಿನ ಪೊಲೀಸರಿಗೆ ದೂರದಿಂದಲೇ ಗೊತ್ತಾಗುತ್ತದೆ. ನಮ್ಮ ಎಮಿಷನ್ ಸರ್ಟಿಫಿಕೇಟಿಗೂ ಇಂಥದ್ದೊಂದು ಇದ್ದಿದ್ದರೆ ಚೆನ್ನಾಗಿತ್ತು ಅಂತ ನನಗೆ ಆಗಾಗ ಅನಿಸುತ್ತದೆ.

ಇನ್ನೂ ಒಂದು ವಿಷಯ ಇದೆ. ಜರ್ಮನ್ ಪ್ಲೇಟಿನ ಅಕ್ಷರಗಳು ಸ್ವಲ್ಪ ವಕ್ರವಾಗಿ, ಒಂದಕ್ಕೊಂದು ಹೊಂದದ ಹಾಗೆ ಕಾಣುತ್ತವೆ. ಬೇಕೆಂದೇ ಹಾಗೆ ಮಾಡಿದ್ದು. ಪೇಂಟೋ ಟೇಪೋ ಹಾಕಿ ‘ಪಿ’ಯನ್ನು ‘ಆರ್’ ಮಾಡಲು, ‘ಇ’ಯನ್ನು ‘ಎಫ್’ ಮಾಡಲು ಆಗಬಾರದು ಎಂದು ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಆಕಾರ ಕೊಟ್ಟಿದ್ದಾರೆ. ನಂಬರಿನ ಕೊನೆಯಲ್ಲಿ ಎಚ್ ಇದ್ದರೆ 30 ವರ್ಷ ದಾಟಿದ ಹಳೇ ಗಾಡಿ, ಇ ಇದ್ದರೆ ಎಲೆಕ್ಟ್ರಿಕ್. ಲಾರಿಯನ್ನು ಮನೆ ಮಾಡಿಕೊಂಡು ಊರೂರು ಸುತ್ತುವವರಿಗೆ ಹಳೇ ಮರ್ಸಿಡಿಸ್, ಮ್ಯಾನ್ ಲಾರಿ ಅಂದರೆ ಪ್ರಾಣ. ಅದರಿಂದ ಎಚ್ ಇರುವ ಪ್ಲೇಟ್ ನಮ್ಮ ಕಡೆ ಕಂಡರೆ ಆಶ್ಚರ್ಯ ಇಲ್ಲ.

ನೀಲಿ ಪಟ್ಟಿ ಕಂಡ ತಕ್ಷಣ ಜರ್ಮನಿ ಎಂದು ಬರೆದುಕೊಳ್ಳಬೇಡಿ. ಫ್ರಾನ್ಸಿನದು ಎಡಕ್ಕೂ ಬಲಕ್ಕೂ ನೀಲಿ. ಬಲಪಟ್ಟಿಯಲ್ಲಿ ಜಿಲ್ಲೆಯ ಸಂಖ್ಯೆ ಇರುತ್ತದೆ, ನಡುವೆ ಎರಡು ಅಕ್ಷರ, ಮೂರು ಅಂಕಿ, ಎರಡು ಅಕ್ಷರ. 2009ರಿಂದ ಆ ಕ್ರಮ ಇದೆ. ಇಟಲಿಯದೂ ಎರಡು ಕಡೆ ನೀಲಿಯೇ, ಆದರೆ ನಡುವೆ ಫ್ರಾನ್ಸಿನ ಹಾಗೆ ಅಡ್ಡಗೆರೆ ಇರುವುದಿಲ್ಲ. ನೆದರ್‌ಲ್ಯಾಂಡ್ಸ್ ಮತ್ತು ಲಕ್ಸೆಂಬರ್ಗ್ ಪ್ಲೇಟುಗಳು ಹಳದಿ. ಇವನ್ನು ನೋಡಿ ನಮ್ಮವರು ‘ಯೆಲ್ಲೋ ಬೋರ್ಡ್, ಟ್ಯಾಕ್ಸಿ’ ಎಂದುಕೊಳ್ಳುವುದು ಸಹಜ. ಬ್ರಿಟನ್ನಿನದು ಇನ್ನೂ ಮಜ. ಮುಂದಿನ ಪ್ಲೇಟ್ ಬಿಳಿ, ಹಿಂದಿನದು ಹಳದಿ. ಎರಡು ಅಕ್ಷರ, ಎರಡು ಅಂಕಿ, ಮೂರು ಅಕ್ಷರ. ಆ ಎರಡು ಅಂಕಿ ಗಾಡಿಯ ವಯಸ್ಸು ಹೇಳುತ್ತವೆ. 24 ಎಂದರೆ 2024ರ ಮಾರ್ಚ್‌ನಿಂದ, 74 ಎಂದರೆ ಅದೇ ವರ್ಷದ ಸೆಪ್ಟೆಂಬರ್‌ನಿಂದ ನೋಂದಣಿಯಾದದ್ದು. ಅಂಕಿ 50 ದಾಟಿದ್ದರೆ ಅದರಲ್ಲಿ 50 ಕಳೆದರೆ ವರ್ಷ ಸಿಗುತ್ತದೆ, ಇಷ್ಟೇ ಲೆಕ್ಕ.

ಸ್ವಿಟ್ಜರ್‌ಲ್ಯಾಂಡ್ ಒಕ್ಕೂಟದಲ್ಲಿಲ್ಲ, ಹಾಗಾಗಿ ನಕ್ಷತ್ರದ ಪಟ್ಟಿ ಇರುವುದಿಲ್ಲ. ಅಲ್ಲಿನ ಪ್ರಾಂತ್ಯದ ಎರಡಕ್ಷರ, ಆಮೇಲೆ ಅಂಕಿಗಳು ಮಾತ್ರ. ಹಿಂದಿನ ಪ್ಲೇಟಿನಲ್ಲಿ ಎರಡು ಪುಟ್ಟ ಗುರಾಣಿ ಚಿತ್ರ, ಒಂದು ದೇಶದ್ದು, ಒಂದು ಪ್ರಾಂತ್ಯದ್ದು. ಅಲ್ಲಿ ನಂಬರ್ ಗಾಡಿಗಲ್ಲ, ಮಾಲೀಕರಿಗೆ ಸೇರಿದ್ದು. ಗಾಡಿ ಬದಲಾಯಿಸಿದರೆ ಪ್ಲೇಟ್ ಬಿಚ್ಚಿ ಹೊಸ ಗಾಡಿಗೆ ಹಾಕಿಕೊಳ್ಳುತ್ತಾರೆ. ಗಾಡಿಯ ಹಿಂದೆ ಬಿಳಿ ಮೊಟ್ಟೆಯಾಕಾರದ ಸ್ಟಿಕ್ಕರಿನಲ್ಲಿ ಸಿಎಚ್ ಎಂದಿದ್ದರೆ ಸ್ವಿಟ್ಜರ್‌ಲ್ಯಾಂಡ್. ಚಂಡೀಗಢ ಎಂದು ಬರೆದುಕೊಂಡೀರಿ ಜೋಕೆ.

ಈ ಮೊಟ್ಟೆಯಾಕಾರದ ಸ್ಟಿಕ್ಕರ್ ಮಾತ್ರ ಚಿನ್ನದಂಥ ಸುಳಿವು. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಇನ್ನೊಂದು ದೇಶಕ್ಕೆ ಹೋಗುವ ಗಾಡಿಯ ಹಿಂದೆ ತನ್ನ ದೇಶದ ಗುರುತು ಇರಬೇಕು. ಭಾರತವೂ ಆ ಒಪ್ಪಂದದಲ್ಲಿದೆ, ನಮ್ಮದು ಐಎನ್‌ಡಿ. ಫ್ರಾನ್ಸ್ ಎಫ್, ಆಸ್ಟ್ರಿಯಾ ಎ, ಸ್ಪೇನ್ ಇ, ನೆದರ್‌ಲ್ಯಾಂಡ್ಸ್ ಎನ್‌ಎಲ್, ಟರ್ಕಿ ಟಿಆರ್. ಶ್ರೀಲಂಕಾದ್ದು ಇವತ್ತಿಗೂ ಸಿಎಲ್, ಸಿಲೋನ್ ಕಾಲದ್ದೇ ಉಳಿದುಕೊಂಡಿದೆ. ಬ್ರಿಟನ್ 2021ರ ಸೆಪ್ಟೆಂಬರ್ 28ರಿಂದ ಜಿಬಿ ಬಿಟ್ಟು ಯುಕೆ ಮಾಡಿಕೊಂಡಿತು. ಈಗ ಉತ್ತರಾಖಂಡದವರ ಜೊತೆ ಗೊಂದಲ ಖಾಯಂ. ಪ್ಲೇಟ್ ಮಣ್ಣಾಗಿ ಓದಲು ಆಗದಿದ್ದರೂ ಈ ಸ್ಟಿಕ್ಕರ್ ಹಿಂದಿನ ಬಾಗಿಲಿನ ಮೇಲೆ ಎಲ್ಲೋ ಕಾಣುತ್ತದೆ.

ಈಗ ಸ್ಟೇರಿಂಗ್ ವಿಷಯ. ಜರ್ಮನಿ, ಫ್ರಾನ್ಸ್, ರಷ್ಯಾ, ಇರಾನ್, ಕೊಲ್ಲಿ ದೇಶಗಳು, ಅಮೆರಿಕ, ಇವೆಲ್ಲ ಎಡಗಡೆ ಸ್ಟೇರಿಂಗಿನ ದೇಶಗಳು. ಬ್ರಿಟನ್, ಆಸ್ಟ್ರೇಲಿಯಾ, ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್, ನೇಪಾಳ, ಭೂತಾನ, ಶ್ರೀಲಂಕಾ ನಮ್ಮ ಹಾಗೆ ಬಲಗಡೆ. ಗಾಡಿ ಎದುರಿಗೆ ಬರುವಾಗ ಡ್ರೈವರ್ ಯಾವ ಕಡೆ ಕೂತಿದ್ದಾರೆ ಎಂದು ಒಮ್ಮೆ ನೋಡಿದರೆ ಅರ್ಧ ಪ್ರಪಂಚ ಪಟ್ಟಿಯಿಂದ ಹೊರಗೆ ಹೋಯಿತು. ಎಡಗಡೆ ಸ್ಟೇರಿಂಗಿನ ಗಾಡಿಗೆ ಕೆಲಸ ಮಾಡುವ ಸಿಗ್ನಲ್ ಸಾಧನ ಇರಲೇಬೇಕು ಎಂದು ನಮ್ಮ ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ ಹೇಳುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇಂಥ ಗಾಡಿ ನಿಮ್ಮ ಮುಂದೆ ಸಿಕ್ಕರೆ ಸ್ವಲ್ಪ ದೂರ ಬಿಟ್ಟೇ ಹೋಗಿ. ಮುಂದಿನ ಬಸ್ಸನ್ನು ದಾಟಬೇಕಾದರೆ ಆ ಡ್ರೈವರ್‌ಗೆ ಎದುರಿನ ದಾರಿ ಕಾಣುವುದೇ ಇಲ್ಲ. ಪಕ್ಕದಲ್ಲಿ ಕೂತವರು ತಲೆ ಹೊರಗೆ ಹಾಕಿ ‘ಹೋಗು, ಬೇಡ’ ಎಂದು ಹೇಳುತ್ತಿರುತ್ತಾರೆ.

ಕೊಲ್ಲಿ ದೇಶದ ಪ್ಲೇಟುಗಳು ನೀವು ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲಿವೆ. ಕೇರಳದವರು ದುಬೈ, ಕತಾರ್, ಒಮಾನ್‌ನಲ್ಲಿ ಓಡಿಸುವ ಕಾರನ್ನೇ ಹಡಗಿನಲ್ಲಿ ಹಾಕಿ ರಜೆಗೆ ಊರಿಗೆ ತರುವುದುಂಟು. ಅವರಲ್ಲಿ ಕೆಲವರು ಮುಳ್ಳಯ್ಯನಗಿರಿ ನೋಡಲು ಮೇಲೆ ಬರುತ್ತಾರೆ. ಈ ಪ್ಲೇಟುಗಳಲ್ಲಿ ಅರಬಿಯ ಜೊತೆಗೆ ನಾವು ಓದುವ ಅಂಕಿಯೂ ಇರುತ್ತದೆ. ದುಬೈದಾದರೆ ಊರಿನ ಹೆಸರೇ ಬರೆದಿರುತ್ತದೆ, ಒಂದೆರಡು ಅಕ್ಷರ, ಆಮೇಲೆ ಹೆಚ್ಚೆಂದರೆ ಐದು ಅಂಕಿ. ಕತಾರ್‌ನದರಲ್ಲಿ ಅವರ ಬಾವುಟದ ಹಾಗೆ ಗರಗಸದಂಚಿನ ಕಂದುಗೆಂಪು ಪಟ್ಟಿ. ಒಮಾನ್‌ನ ಖಾಸಗಿ ಕಾರಿನದು ಹಳದಿ. ಇರಾನಿನದು ಮಾತ್ರ ಪೂರ್ತಿ ಪರ್ಷಿಯನ್ ಅಂಕಿ. ಎಡಕ್ಕೆ ನೀಲಿ ಪಟ್ಟಿಯಲ್ಲಿ ಅವರ ಬಾವುಟ ಇರುತ್ತದೆ, ಅದನ್ನು ನೋಡಿ ಗುರುತಿಸಬೇಕು.

ಪೂರ್ವದ ಕಡೆಯವು ಅಪರೂಪ. ಮಲೇಷ್ಯಾ, ಸಿಂಗಪುರದವರು ಸಾಮಾನ್ಯವಾಗಿ ಕಪ್ಪು ಪ್ಲೇಟ್, ಬಿಳಿ ಅಕ್ಷರ. ಸಿಂಗಪುರದ ಕಾರಿನ ನಂಬರ್ ಎಸ್‌ನಿಂದ ಶುರುವಾಗಿ ಕೊನೆಯಲ್ಲಿ ಒಂದು ಒಂಟಿ ಅಕ್ಷರದಲ್ಲಿ ಮುಗಿಯುತ್ತದೆ. ಆ ಕೊನೆಯ ಅಕ್ಷರ ಸುಮ್ನೆ ಅಲ್ಲ, ಮುಂದಿನ ಅಕ್ಷರ, ಅಂಕಿಗಳನ್ನು ಲೆಕ್ಕ ಹಾಕಿ ಬರುವ ತಾಳೆ ಅಕ್ಷರ. ಥಾಯ್ಲೆಂಡಿನದರಲ್ಲಿ ನಂಬರಿನ ಕೆಳಗೆ ಪ್ರಾಂತ್ಯದ ಹೆಸರು ಥಾಯ್ ಲಿಪಿಯಲ್ಲಿ. ರಷ್ಯಾದ್ದು ಕಂಡರೆ ಬಲತುದಿಯಲ್ಲಿ ಬೇರೆ ಚೌಕದೊಳಗೆ ಪ್ರದೇಶದ ಸಂಖ್ಯೆ ಇರುತ್ತದೆ. ಅವರು ತಮ್ಮ ಲಿಪಿಯಲ್ಲಿ ಇಂಗ್ಲಿಷ್ ಅಕ್ಷರದ ಹಾಗೆಯೇ ಕಾಣುವ 12 ಅಕ್ಷರಗಳನ್ನು ಮಾತ್ರ ಪ್ಲೇಟಿಗೆ ಇಟ್ಟುಕೊಂಡಿದ್ದಾರೆ, ಹೊರಗಿನವರೂ ಓದಲಿ ಎಂದು. ಅಮೆರಿಕದ್ದು ಗಿಡ್ಡ. ಒಂದಡಿ ಅಗಲ, ಅರ್ಧ ಅಡಿ ಎತ್ತರ, ರಾಜ್ಯದ ಹೆಸರು ದೊಡ್ಡದಾಗಿ. ಕೆಲವು ರಾಜ್ಯಗಳಲ್ಲಿ ಮುಂದೆ ಪ್ಲೇಟೇ ಇರುವುದಿಲ್ಲ. ಮುಂದೆ ಖಾಲಿ ಇದೆ ಎಂದು ಕಳ್ಳ ಗಾಡಿ ಎಂದುಕೊಳ್ಳಬೇಡಿ.

ಇನ್ನು ನಿಮ್ಮ ಕೆಂಪು ಬೋರ್ಡು. ಇಲ್ಲಿ ಸ್ವಲ್ಪ ನಿರಾಸೆ ಮಾಡಬೇಕಾಗುತ್ತದೆ. ಕೆಂಪು ಪ್ಲೇಟಿನ ಮೇಲೆ ಬಿಳಿ ಅಕ್ಷರ ಎಂದರೆ ಮೂರು ಸಾಧ್ಯತೆ. ನೇಪಾಳದ ಖಾಸಗಿ ಕಾರು, ಭೂತಾನದ ಕಾರು, ಇಲ್ಲವೇ ನಮ್ಮೂರಿನದೇ ಶೋರೂಮಿನ ಗಾಡಿ. ಡೀಲರ್ ಕೈಯಲ್ಲಿರುವ, ಇನ್ನೂ ನೋಂದಣಿಯಾಗದ ಗಾಡಿಗೆ ನಮ್ಮ ನಿಯಮದಲ್ಲೇ ಕೆಂಪು ಮೇಲೆ ಬಿಳಿ. ಟೆಸ್ಟ್ ಡ್ರೈವ್‌ಗೆ ಘಾಟಿ ರಸ್ತೆ ಹತ್ತಿಸುವುದು ನಮ್ಮ ಕಡೆ ಹೊಸದೇನಲ್ಲ. ಕೈಮರದಲ್ಲಿ ಕಂಡದ್ದು ಇದೇ ಇರಬೇಕು ಎಂದು ನನ್ನ ಊಹೆ. ಮುಂದೆ ಕಂಡರೆ ಅಕ್ಷರ ನೋಡಿ. ದೇವನಾಗರಿ ಇದ್ದರೆ ನೇಪಾಳ. ಇಂಗ್ಲಿಷಿನಲ್ಲಿ ಬಿಪಿ ಎಂದಿದ್ದರೆ ಭೂತಾನದ ಖಾಸಗಿ ಕಾರು, ಬಿಜಿ ಎಂದಿದ್ದರೆ ಅಲ್ಲಿನ ಸರ್ಕಾರದ್ದು. ನೇಪಾಳದಲ್ಲೂ ಈಚೆಗೆ ಇಂಗ್ಲಿಷ್ ಅಕ್ಷರದ ಉಬ್ಬುಪ್ಲೇಟ್ ಬಂದಿದೆ, ಆದರೆ ದೇವನಾಗರಿಯವೇ ಬೇಕಾದಷ್ಟು ಓಡುತ್ತಿವೆ.

ನನ್ನ ಅನುಭವದಲ್ಲಿ ‘ಫಾರಿನ್ ನಂಬರ್ ನೋಡಿದೆ’ ಎಂದು ಬರುವ ಫೋಟೋಗಳಲ್ಲಿ ಜಾಸ್ತಿ ಪಾಲು ನಮ್ಮ ದೇಶದ್ದೇ. ಮೊದಲನೆಯ ಮೋಸಗಾರ ಬಿಎಚ್, ಅಂದರೆ ಭಾರತ್ ಸೀರೀಸ್. 2021ರ ಸೆಪ್ಟೆಂಬರ್‌ನಿಂದ ಶುರುವಾದದ್ದು. ಮೊದಲು ವರ್ಷದ ಎರಡು ಅಂಕಿ, ಆಮೇಲೆ ಬಿಎಚ್, ನಾಲ್ಕು ಅಂಕಿ, ಕೊನೆಗೆ ಒಂದೆರಡು ಅಕ್ಷರ. ಪದೇ ಪದೇ ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರರಿಗೆಂದು ಮಾಡಿದ್ದು. ರಾಜ್ಯದ ಹೆಸರಿಲ್ಲ, ಅಂಕಿಯಿಂದ ಶುರು, ಅದಕ್ಕೇ ಪರದೇಶದ್ದು ಅನಿಸುತ್ತದೆ. ಬಹ್ರೇನ್ ಇರಬೇಕು ಎಂದು ನನ್ನ ಹತ್ತಿರ ವಾದ ಮಾಡಿದವರೂ ಇದ್ದಾರೆ.

ಎರಡನೆಯದು ನೀಲಿ ಪ್ಲೇಟ್. ಬಿಳಿ ಅಕ್ಷರದಲ್ಲಿ ಸಿಡಿ, ಸಿಸಿ ಅಥವಾ ಯುಎನ್ ಎಂದಿರುತ್ತದೆ. ಸಿಡಿ ರಾಯಭಾರ ಕಚೇರಿಯವರದು, ಸಿಸಿ ಕಾನ್ಸುಲೇಟಿನವರದು. ಬೆಂಗಳೂರಿನಲ್ಲಿ ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ಮುಂತಾದವರ ಕಾನ್ಸುಲೇಟ್‌ಗಳಿವೆ, 2025ರಲ್ಲಿ ಅಮೆರಿಕದ್ದೂ ಶುರುವಾಯಿತು. ವಾರದ ಕೊನೆಗೆ ಅವರೂ ಎಲ್ಲರ ಹಾಗೆ ಕಾಫಿ ತೋಟದ ಹೋಂಸ್ಟೇಗೆ ಬರುತ್ತಾರೆ. ಆದರೆ ಆ ಗಾಡಿಗೆ ನಂಬರ್ ಕೊಟ್ಟಿರುವುದು ಭಾರತವೇ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಬೇರೆ ಪುಟ ಇಟ್ಟುಕೊಳ್ಳಿ. ಮೇಲ್ಮುಖ ಬಾಣದ ಗುರುತಿನ ಪ್ಲೇಟ್ ನಮ್ಮ ಸೇನೆಯದು. ಬಾಣದ ಹತ್ತಿರದ ಎರಡಂಕಿ ಗಾಡಿ ಸೇನೆಗೆ ಬಂದ ವರ್ಷ. ಕಪ್ಪು ಮೇಲೆ ಹಳದಿ ಅಕ್ಷರ ಇದ್ದರೆ ನಾವೇ ಓಡಿಸುವ ಬಾಡಿಗೆ ಕಾರು, ಮುಳ್ಳಯ್ಯನಗಿರಿ ದಾರಿಯಲ್ಲಿ ಶನಿವಾರ ನಿಂತರೆ ಕಣ್ಣು ದಣಿಯುವಷ್ಟು ಸಿಗುತ್ತವೆ. ಹಸಿರು ಪ್ಲೇಟ್ ಎಲೆಕ್ಟ್ರಿಕ್ ಎಂದು ಈಗ ಮಕ್ಕಳಿಗೂ ಗೊತ್ತು.

ಕಪ್ಪು ಮೇಲೆ ಬಿಳಿ ಅಕ್ಷರ ಕಂಡು ಮಲೇಷ್ಯಾ ಎಂದು ಹಾರುವ ಮುಂಚೆಯೂ ಒಮ್ಮೆ ಯೋಚಿಸಿ. ಈ ಶತಮಾನದ ಆರಂಭದವರೆಗೂ ನಮ್ಮ ಖಾಸಗಿ ಗಾಡಿಗಳ ಪ್ಲೇಟ್ ಹಾಗೇ ಇದ್ದದ್ದು. ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ತೋಟಗಳ ಶೆಡ್ಡಿನಲ್ಲಿ ಇರುವ ಹಳೇ ಜೀಪುಗಳಲ್ಲಿ ಅದು ಇನ್ನೂ ಸಿಗಬಹುದು. ಎಂವೈ ಎಂದು ಶುರುವಾಗುವ ನಂಬರ್ ಸಿಕ್ಕರೆ ಅದು ಮೈಸೂರು ರಾಜ್ಯದ ಹೆಸರಿನದು, ಕೆಎ ಬರುವುದಕ್ಕೂ ಮುಂಚಿನದು. ನನ್ನ ಕೇಳಿದರೆ ಜರ್ಮನ್ ಪ್ಲೇಟಿಗಿಂತ ಅಂಥದ್ದು ಸಿಗುವುದೇ ದೊಡ್ಡ ಬೇಟೆ. ಕೆಎ 18 ಚಿಕ್ಕಮಗಳೂರು, ಕೆಎ 66 ತರೀಕೆರೆ, ಕೆಎ 13 ಹಾಸನ, ಕೆಎ 46 ಸಕಲೇಶಪುರ ಎಂದು ಮಗಳಿಗೆ ಬಾಯಿಪಾಠ ಇದ್ದೇ ಇರುತ್ತದೆ. ಈ ಹಳೆಯವನ್ನೂ ಅವಳ ಪಟ್ಟಿಗೆ ಸೇರಿಸಿ.

ಪಕ್ಕದ ಮನೆ ಹುಡುಗನ ವಿಷಯಕ್ಕೆ ಬರುತ್ತೇನೆ. ಅದು ತಪ್ಪು, ಎರಡು ಮಾತಿಲ್ಲ. 2019ರ ಏಪ್ರಿಲ್ 1ರಿಂದ ಮಾರಾಟವಾದ ಎಲ್ಲ ಗಾಡಿಗೂ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಅಂದರೆ ಎಚ್‌ಎಸ್‌ಆರ್‌ಪಿ ಕಡ್ಡಾಯ. ಅದಕ್ಕೂ ಹಳೆಯವಕ್ಕೆ ಹಾಕಿಸಬೇಕೆಂದು ಕರ್ನಾಟಕದಲ್ಲಿ 2023ರ ಆಗಸ್ಟ್‌ನಲ್ಲಿ ಆದೇಶ ಬಂತು. ಎಚ್‌ಎಸ್‌ಆರ್‌ಪಿಯಲ್ಲಿ ಎಡಕ್ಕೆ ಅಶೋಕ ಚಕ್ರದ ಹೊಳೆಯುವ ಹಾಲೋಗ್ರಾಂ, ಅದರ ಕೆಳಗೆ ನೀಲಿಯಲ್ಲಿ ಐಎನ್‌ಡಿ, ಲೇಸರಿನಲ್ಲಿ ಕೊರೆದ ಗುರುತಿನ ಸಂಖ್ಯೆ. ಯುರೋಪ್ ಥರದ ಪ್ಲೇಟಿನಲ್ಲಿ ಕೆಎ 18 ಎಂದು ಬರೆಸಿದರೂ ಅದು ನಂಬರ್ ಪ್ಲೇಟ್ ಅಲ್ಲ, ಅಲಂಕಾರ. ಅಳತೆಯಲ್ಲೂ ಸಿಕ್ಕಿಬೀಳುತ್ತದೆ. ನಮ್ಮ ಕಾರಿನ ಉದ್ದ ಪ್ಲೇಟ್ 500 ಮಿಲಿಮೀಟರ್ ಅಗಲ, 120 ಎತ್ತರ. ಯುರೋಪಿನದು ಸಾಮಾನ್ಯವಾಗಿ 520 ಅಗಲ, 110 ಎತ್ತರ. ಅಂದರೆ ಅದು ಸ್ವಲ್ಪ ಉದ್ದ, ಸ್ವಲ್ಪ ತೆಳ್ಳಗೆ. ದಿನಾ ನೋಡಿ ಅಭ್ಯಾಸವಾದ ಪೊಲೀಸರಿಗೆ ಹತ್ತು ಮಾರು ದೂರದಿಂದಲೇ ಏನೋ ಸರಿ ಇಲ್ಲ ಅನಿಸುತ್ತದೆ. ಆಸೆ ಇದ್ದರೆ ರೂಮಿನ ಗೋಡೆಗೆ ಹೊಡೆದುಕೊಳ್ಳಲಿ, ಯಾರೂ ಕೇಳುವುದಿಲ್ಲ. ಅವನಪ್ಪನಿಗೆ ದಂಡದ ಚೀಟಿ ಬರುವ ಮುಂಚೆ ನೀವೇ ಒಂದು ಮಾತು ಹೇಳಿಬಿಡಿ.

ನಿಜವಾದ ಪರದೇಶದ ಗಾಡಿ ಇಲ್ಲಿ ಹೇಗೆ ಓಡುತ್ತದೆ ಎಂಬುದು ಬೇರೆ ಕಥೆ. ಜನ ಸಾಮಾನ್ಯವಾಗಿ ಕೇಳುವುದು ‘ಅವರು ಟ್ಯಾಕ್ಸ್ ಕಟ್ಟಿದಾರಾ?’ ಎಂದು. ಇಲ್ಲ. ಅವರ ಹತ್ತಿರ ಕಾರ್ನೆ ಎಂಬ ದಾಖಲೆ ಇರುತ್ತದೆ. ಗಾಡಿಗೆ ಪಾಸ್‌ಪೋರ್ಟ್ ಇದ್ದ ಹಾಗೆ. ಅವರ ದೇಶದ ಆಟೊಮೊಬೈಲ್ ಸಂಘ ಗಾಡಿಯ ಬೆಲೆ ನೋಡಿ ಠೇವಣಿಯನ್ನೋ ಬ್ಯಾಂಕ್ ಗ್ಯಾರಂಟಿಯನ್ನೋ ಇರಿಸಿಕೊಂಡು ಅದನ್ನು ಕೊಡುತ್ತದೆ. ಒಂದು ವರ್ಷದ ಅವಧಿ. ಉದ್ದನೆಯ ಪುಸ್ತಕ, ಪ್ರತಿ ಹಾಳೆಯಲ್ಲೂ ಮೂರು ಭಾಗ. ದೇಶದೊಳಗೆ ಬರುವಾಗ ಕಸ್ಟಮ್ಸ್‌ನವರು ಒಂದು ಭಾಗಕ್ಕೆ ಮುದ್ರೆ ಹಾಕಿ ಹರಿದುಕೊಳ್ಳುತ್ತಾರೆ. ಹೊರಗೆ ಹೋಗುವಾಗ ಇನ್ನೊಂದು. ಮೂರನೆಯದರ ಮೇಲೆ ಎರಡೂ ಮುದ್ರೆ ಬಿದ್ದು ಪುಸ್ತಕದಲ್ಲೇ ಉಳಿಯುತ್ತದೆ. ಹಾಸನದಲ್ಲಿ ಒಮ್ಮೆ ಫ್ರಾನ್ಸಿನ ದಂಪತಿ ಬಾನೆಟ್ ಮೇಲೆ ಆ ಪುಸ್ತಕ ಬಿಡಿಸಿ ನನಗೆ ತೋರಿಸಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಪಾಸ್‌ಪೋರ್ಟಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದರು. ಯಾಕೆಂದರೆ ಹೊರಹೋಗುವ ಮುದ್ರೆ ಬೀಳದಿದ್ದರೆ ಗಾಡಿ ಇಲ್ಲೇ ಉಳಿಯಿತು ಎಂದು ಲೆಕ್ಕ. ಆಗ ಆಮದು ಸುಂಕ ಕಟ್ಟಬೇಕು, ಠೇವಣಿಗೆ ಕುತ್ತು. ನಮ್ಮಲ್ಲಿ ಹೀಗೆ ಬಂದ ಗಾಡಿ ಆರು ತಿಂಗಳೊಳಗೆ ವಾಪಸ್ ಹೋಗಬೇಕು.

2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಖಾಸಗಿ ವಾಹನಗಳಿಗೆಂದೇ ನಿಯಮ ತಂದಿದೆ. ಅವರ ದೇಶದ ಆರ್‌ಸಿ, ಅಂತರರಾಷ್ಟ್ರೀಯ ಪರ್ಮಿಟ್ ಅಥವಾ ಚಾಲ್ತಿಯ ಡ್ರೈವಿಂಗ್ ಲೈಸೆನ್ಸ್, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಗಾಡಿಯಲ್ಲಿ ಇರಬೇಕು. ಅವು ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅಧಿಕೃತ ಅನುವಾದ ಜೊತೆಗಿರಬೇಕು. ಇಲ್ಲಿನ ಜನರನ್ನಾಗಲಿ ಸರಕನ್ನಾಗಲಿ ಸಾಗಿಸುವಂತಿಲ್ಲ. ಆದ್ದರಿಂದ ‘ಹಾಸನದವರೆಗೆ ಬಿಡ್ತೀರಾ’ ಎಂದು ಅವರ ಗಾಡಿ ಹತ್ತಬೇಡಿ, ತೊಂದರೆ ಅವರಿಗೆ. ಪ್ಲೇಟ್ ಮಾತ್ರ ಅವರ ದೇಶದ್ದೇ ಇರುತ್ತದೆ, ಕೆಎ ನಂಬರ್ ಹಾಕಿಸಬೇಕಿಲ್ಲ. ನಮ್ಮ ವಾಹನ ಮಾಹಿತಿ ಆ್ಯಪಿನಲ್ಲಿ ಆ ನಂಬರ್ ಹುಡುಕಿದರೆ ಏನೂ ಸಿಗುವುದಿಲ್ಲ. ಸಿಗಲಿಲ್ಲ ಎಂದರೆ ಕಳ್ಳ ಗಾಡಿ ಎಂದು ಅರ್ಥ ಅಲ್ಲ.

ಅವರು ಬರುವ ದಾರಿ ಕಾಲಕಾಲಕ್ಕೆ ಬದಲಾಗಿದೆ. 1960, 70ರ ದಶಕದಲ್ಲಿ ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನದ ಮೂಲಕ ವ್ಯಾನುಗಳು ಸಾಲುಗಟ್ಟಿ ಗೋವಾಕ್ಕೆ ಬರುತ್ತಿದ್ದವು. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ಬಂದದ್ದು, ಇವೆರಡೂ ಆದ ಮೇಲೆ ಆ ಕಾಲ ಮುಗಿಯಿತು. ಆಮೇಲೂ ಇರಾನ್, ಪಾಕಿಸ್ತಾನ ದಾಟಿ ಪಂಜಾಬಿನ ಅಟ್ಟಾರಿಯಲ್ಲಿ ಒಳಗೆ ಬರುವವರಿದ್ದರು. 2025ರ ಏಪ್ರಿಲ್‌ನಲ್ಲಿ ಆ ಗಡಿಯೂ ಮುಚ್ಚಿತು. ಉಳಿದದ್ದು ಹಡಗು, ಇಲ್ಲವೇ ಚೀನಾ ದಾಟಿ ನೇಪಾಳದ ಮೂಲಕ ಇಳಿಯುವುದು. ಹಡಗಿನಲ್ಲಾದರೆ ಮುಂಬೈ, ಕೊಚ್ಚಿ, ಚೆನ್ನೈ.

ಹಡಗಿನಿಂದ ಇಳಿಸಿಕೊಂಡವರು ನಮ್ಮ ಕಡೆಗೆ ಬರುವುದಕ್ಕೆ ಕಾರಣ ಇದೆ. ಗೋವಾ, ಗೋಕರ್ಣ, ಹಂಪಿ ನೋಡಿಕೊಂಡು ಮೈಸೂರಿಗೋ ಕೇರಳಕ್ಕೋ ಇಳಿಯುವವರಿಗೆ ಬೇಲೂರು, ಹಳೇಬೀಡು ದಾರಿಯಲ್ಲೇ ಸಿಗುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅಂಥ ಪಟ್ಟಿ ನೋಡಿಕೊಂಡೇ ದಾರಿ ಹಾಕಿಕೊಳ್ಳುವವರು ಇವರು. ಜೊತೆಗೆ ತೋಟದ ಹೋಂಸ್ಟೇಗಳಲ್ಲಿ ಲಾರಿ ನಿಲ್ಲಿಸುವಷ್ಟು ಕಣ ಇರುತ್ತದೆ, ನೀರು ಸಿಗುತ್ತದೆ, ರಾತ್ರಿ ತಂಪು. ಡಬ್ಬಿಯಂಥ ಗಾಡಿಯೊಳಗೆ ಮಲಗುವವರಿಗೆ ಅದಕ್ಕಿಂತ ಇನ್ನೇನು ಬೇಕು.

ಇನ್ನೊಂದು ರೀತಿಯಲ್ಲೂ ಪರದೇಶದ ಗಾಡಿ ಚಿಕ್ಕಮಗಳೂರಿಗೆ ಬರುತ್ತದೆ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್ಪಿನ ಭಾರತದ ಸುತ್ತು 2010ರ ದಶಕದಲ್ಲಿ ಇಲ್ಲಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ನಡೆದಿದೆ. ಇಂಥ ಸ್ಪರ್ಧೆ ನಡೆದಾಗ ರಿಪೇರಿ ನಡೆಯುವ ಸರ್ವಿಸ್ ಪಾರ್ಕ್ ಹತ್ತಿರ ಹೋಗಿ ಕಾರುಗಳ ಹಿಂಬದಿ ನೋಡಿ, ಬೇರೆ ದೇಶದ ಪ್ಲೇಟ್ ಇದೆಯಾ ಎಂದು.

ಫೋಟೋ ಬಗ್ಗೆ ಕೇಳಿದ್ದೀರಿ. ರಸ್ತೆಯಲ್ಲಿ ನಿಂತ ಗಾಡಿಯ ಪ್ಲೇಟನ್ನು ನಿಮ್ಮ ನೋಟ್‌ಬುಕ್ಕಿಗೆಂದು ತೆಗೆದುಕೊಂಡರೆ ಯಾರಿಗೂ ಬೇಸರವಿಲ್ಲ. ಎಲ್ಲರಿಗೂ ಕಾಣುವ ಹಾಗೆ ಹಾಕುವುದಾದರೆ ಕೊನೆಯ ಒಂದೆರಡು ಅಂಕಿ ಮಸುಕು ಮಾಡಿ. ದೇಶ, ಊರು ತಿಳಿಯಲು ಆ ಅಂಕಿಗಳು ಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದದ್ದು ಸಮಯ. ಇವರು ಆ ಗಾಡಿಯಲ್ಲೇ ಮಲಗುತ್ತಾರೆ. ‘ಈಗ ಇಂಥ ಕೆರೆ ಏರಿ ಹತ್ತಿರ ನಿಂತಿದ್ದಾರೆ’ ಎಂದು ಅವರು ಇರುವಾಗಲೇ ಹಾಕಿದರೆ ರಾತ್ರಿ ಅಲ್ಲಿ ಸಂತೆ ಸೇರುತ್ತದೆ. ಅವರು ಊರು ಬಿಟ್ಟ ಮೇಲೆ ಹಾಕಿ. ಗಾಡಿಯೊಳಗೆ ಇಣುಕಿ ಫೋಟೋ ತೆಗೆಯುವುದು ಬೇರೆಯವರ ಮನೆ ಕಿಟಕಿಯಲ್ಲಿ ಇಣುಕಿದಂತೆಯೇ. ಸೇನೆಯ ಗಾಡಿಗಳನ್ನು ಮಾತ್ರ ಪೂರ್ತಿ ಬಿಟ್ಟುಬಿಡಿ, ಬರೆದುಕೊಳ್ಳುವುದೂ ಬೇಡ, ಫೋಟೋನೂ ಬೇಡ.

ಬರೆದಿಡುವ ಕ್ರಮದ ಬಗ್ಗೆ ಒಂದು ಸಲಹೆ. ನಂಬರ್ ಒಂದನ್ನೇ ಬರೆದರೆ ಆಮೇಲೆ ಏನೂ ಗೊತ್ತಾಗುವುದಿಲ್ಲ. ಪ್ಲೇಟಿನ ಬಣ್ಣ, ಅಂಚಿನ ಪಟ್ಟಿ ಯಾವ ಕಡೆ, ಅಕ್ಷರ ಅಂಕಿಗಳ ನಡುವೆ ಅಡ್ಡಗೆರೆ ಇತ್ತಾ ಬರೀ ಜಾಗ ಇತ್ತಾ, ಮುಂದಿನದೂ ಹಿಂದಿನದೂ ಒಂದೇ ಬಣ್ಣವಾ, ಸ್ಟೇರಿಂಗ್ ಯಾವ ಕಡೆ, ಇಷ್ಟನ್ನು ಬರೆಯಬೇಕು. ಪ್ಲೇಟಿನ ಒಂದು ಸಣ್ಣ ಚಿತ್ರ ಬಿಡಿಸಿದರೆ ಇನ್ನೂ ಒಳ್ಳೆಯದು. ಗಾಡಿಯವರು ಹತ್ತಿರ ಇದ್ದರೆ ಕೇಳಿಯೇ ಬಿಡಿ. ಅವರಿಗೆ ಈ ಪ್ರಶ್ನೆ ಇಷ್ಟ. ಎಷ್ಟೋ ಜನ ಬಂದ ದಾರಿಯ ನಕ್ಷೆಯನ್ನು ಗಾಡಿಯ ಮೈಮೇಲೆಯೇ ಬರೆಸಿರುತ್ತಾರೆ, ಬೆರಳಿಟ್ಟು ತೋರಿಸುತ್ತಾರೆ.

ಮಳೆಗಾಲದಲ್ಲಿ ಮಾತ್ರ ಕಾಯುತ್ತಾ ಕೂರಬೇಡಿ. ಬೇಸಿಗೆ ಬರುತ್ತಿದ್ದ ಹಾಗೆ ಇವರಲ್ಲಿ ಹೆಚ್ಚಿನವರು ಹಿಮಾಚಲ, ಲಡಾಖ್ ಕಡೆ ಹತ್ತಿಬಿಡುತ್ತಾರೆ. ದೀಪಾವಳಿ ಕಳೆದ ಮೇಲೆ ದಕ್ಷಿಣಕ್ಕೆ ಇಳಿಯಲು ಶುರು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಬೇಲೂರು, ಹಳೇಬೀಡಿನ ಪಾರ್ಕಿಂಗ್, ಶ್ರವಣಬೆಳಗೊಳದ ಬೆಟ್ಟದ ಬುಡ, ಸಕಲೇಶಪುರದಲ್ಲಿ ಹೆದ್ದಾರಿ ಪಕ್ಕದ ಹೋಟೆಲುಗಳ ಮುಂದೆ ಒಂದು ಕಣ್ಣಿಟ್ಟಿರಿ. ಬೆಳಿಗ್ಗೆ ಒಂಬತ್ತರ ಒಳಗೆ ಹೋದರೆ ಸಿಗುವ ಸಂಭವ ಜಾಸ್ತಿ. ಬಿಸಿಲೇರಿ ಟೂರಿಸ್ಟ್ ಬಸ್ಸುಗಳು ಬರುವಷ್ಟರಲ್ಲಿ ಅವರು ಗಾಡಿ ತೆಗೆದಿರುತ್ತಾರೆ.